ತೂತಿನ ಲೆಕ್ಕ

ಕಾರಿನ ಡಿಕ್ಕಿಗೆ ಸಬ್‌ವೂಫರ್ ಡಬ್ಬ ಕೊಳ್ಳಲು ಹೊರಟವರ ಪ್ರಶ್ನಾವಳಿ ಚಿಕ್ಕದು. ಎಷ್ಟು ವಾಟ್? ಎಷ್ಟು ಇಂಚು? ನೀಲಿ ಲೈಟ್ ಬರುತ್ತಾ? ಎದೆ ನಡುಗುತ್ತಾ? ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಾಲ್ಲೂಕು ಕೇಂದ್ರದ ಸೀಟ್ ಕವರ್ ಅಂಗಡಿಯವರೆಗೆ ಈ ನಾಲ್ಕಕ್ಕೂ ಒಂದೇ ಉತ್ತರ ಸಿದ್ಧವಿರುತ್ತದೆ: “ಜಾಸ್ತೀನೇ ಇದೆ ಸಾರ್.” ಐದನೆಯ ಪ್ರಶ್ನೆ ಇನ್ನೊಂದಿದೆ. ಡಬ್ಬದ ಮುಖದ ಮೇಲೆ ದುಂಡಗೆ ಕೊರೆದಿರುವ ಆ ತೂತಿನ ಹಿಂದಿನ ಪೈಪು ಎಷ್ಟು ಉದ್ದ? ಅದನ್ನು ಯಾರೂ ಕೇಳುವುದಿಲ್ಲ. ಕೇಳಿದವರನ್ನು ಅಂಗಡಿಯವನು ತೆರಿಗೆ ಇಲಾಖೆಯವರಿರಬೇಕೆಂದು ತಿಳಿದು ಕುರ್ಚಿ ಕೊಡುತ್ತಾನೆ.

ಮನೆ ಕಟ್ಟುವಾಗ ಆಯ ನೋಡಿಸಿ, ಬಾಗಿಲನ್ನು ಮೂರು ಇಂಚು ಸರಿಸಲೆಂದು ಗೋಡೆಯನ್ನೇ ಒಡೆಸುವ ಜನ ನಾವು. ಮೂರು ಇಂಚಿನಿಂದ ಮನೆಗೆ ಏನಾಗುತ್ತದೆಂದು ಯಾರೂ ಅಳೆದಿಲ್ಲ, ಆದರೂ ನಂಬುತ್ತೇವೆ. ಡಬ್ಬದ ಪೈಪು ಮೂರು ಇಂಚು ತಪ್ಪಿದರೆ ಏನಾಗುತ್ತದೆಂದು ಅಳೆದು ಬರೆದಿಟ್ಟವರಿದ್ದಾರೆ. ಅದಕ್ಕೇ ಇರಬೇಕು, ನಂಬುವುದಿಲ್ಲ.

ಸೋಡಾ ಬಾಟಲಿಯ ಬಾಯಿಗೆ ಅಡ್ಡಡ್ಡ ಊದಿದರೆ ಅದು ಒಂದೇ ಶ್ರುತಿಯಲ್ಲಿ ಹೂಂಕರಿಸುತ್ತದೆ. ಬಾಟಲಿಯೊಳಗಿನ ಗಾಳಿ ಸ್ಪ್ರಿಂಗು, ಕುತ್ತಿಗೆಯಲ್ಲಿರುವ ಗಾಳಿ ಅದಕ್ಕೆ ಕಟ್ಟಿದ ತೂಕ. ಈ ಲೆಕ್ಕವನ್ನು ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಬಿಡಿಸಿದ. ಸ್ಪೀಕರ್ ಡಬ್ಬಕ್ಕೂ ಅಂಥದೊಂದು ಕುತ್ತಿಗೆ ಇಟ್ಟರೆ ಬೆನ್ನ ಹಿಂದೆ ವ್ಯರ್ಥವಾಗುವ ಸದ್ದನ್ನೂ ದುಡಿಸಿಕೊಳ್ಳಬಹುದೆಂದು ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ 1930ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1932ರಲ್ಲಿ ಸಿಕ್ಕಿತು. ಯಾವ ಸ್ಪೀಕರಿಗೆ ಎಷ್ಟು ದೊಡ್ಡ ಡಬ್ಬ, ಯಾವ ಶ್ರುತಿ ಎಂಬುದನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ ಸಿಡ್ನಿಯಲ್ಲೇ ಕೂತು ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಸೂತ್ರಕ್ಕೆ ಇಳಿಸಿದರು. ಇವತ್ತು ಯಾವುದೇ ಮರ್ಯಾದಸ್ಥ ಸಬ್‌ವೂಫರ್ ಜೊತೆಗೆ ಬರುವ ಹಾಳೆಯಲ್ಲಿ ಇರುವುದು ಅವರಿಬ್ಬರ ಹೆಸರಿನ ಅಂಕಿಗಳೇ. ಅಂಗಡಿಯವನು ಆ ಹಾಳೆಯನ್ನು ಎಸೆಯುವುದಿಲ್ಲ. ಸ್ಕ್ರೂ ಪೊಟ್ಟಣ ಕಟ್ಟಲು ಬೇಕಾಗುತ್ತದೆ.

ಲೆಕ್ಕ ಹಾಕಿಯೇ ನೋಡೋಣ. 60 ಸೆಂ.ಮೀ. ಉದ್ದ, 40 ಎತ್ತರ, 30 ಆಳದ ಡಬ್ಬ. ಗುಣಿಸಿದರೆ 72 ಲೀಟರ್. ಆದರೆ ಹಲಗೆಯ ದಪ್ಪ 18 ಮಿ.ಮೀ.; ಆರೂ ಕಡೆ ಅದನ್ನು ಕಳೆದರೆ ಒಳಗೆ ಉಳಿಯುವುದು 54. ಪೈಪು ಸುಮಾರು ಮೂರು ಲೀಟರ್ ಜಾಗ ನುಂಗುತ್ತದೆ, ಸ್ಪೀಕರಿನ ಬೆನ್ನಿಗಿರುವ ಅಯಸ್ಕಾಂತ ಇನ್ನಷ್ಟು. ಕಡೆಗೆ ಗಾಳಿಯ ಪಾಲಿಗೆ ಬರುವುದು 50ರ ಆಸುಪಾಸು. ಅಪಾರ್ಟ್‌ಮೆಂಟ್ ಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ: 72 ಸೂಪರ್ ಬಿಲ್ಟ್‌ಅಪ್, 50 ಕಾರ್ಪೆಟ್ ಏರಿಯಾ. ಕಾರ್ಪೆಟ್ಟನ್ನು ಇಲ್ಲಿ ಡಬ್ಬದ ಹೊರಗೆ ಅಂಟಿಸಿರುತ್ತಾರೆ, ಅಷ್ಟೇ ವ್ಯತ್ಯಾಸ.

ಈ 50 ಲೀಟರನ್ನು 10 ಸೆಂ.ಮೀ. ವ್ಯಾಸದ ಪೈಪಿನಿಂದ 35 ಹರ್ಟ್ಸ್‌ಗೆ ಶ್ರುತಿ ಮಾಡಬೇಕೆಂದರೆ ಪೈಪಿನ ಉದ್ದ 31 ಸೆಂ.ಮೀ. ಇರಬೇಕು. ಹೊರಗಿನ ಅಳತೆ ಹಿಡಿದು 72 ಎಂದು ನಂಬಿದವನಿಗೆ 19 ಸೆಂ.ಮೀ. ಸಾಕೆಂದು ಕಾಣುತ್ತದೆ. ಅವನು 35ರ ಡಬ್ಬ ಕಟ್ಟಿ ಕೊಡುತ್ತಾನೆ, ನೀವು 42ರ ಡಬ್ಬ ಹೊತ್ತು ತರುತ್ತೀರಿ. ಇದು ಲೆಕ್ಕ ಮಾಡುವ ಅಂಗಡಿಯ ಕಥೆ. ಲೆಕ್ಕ ಮಾಡದ ಅಂಗಡಿಯಲ್ಲಿ ಪ್ಲಂಬಿಂಗ್ ಕೆಲಸದಲ್ಲಿ ಉಳಿದ ಪೈಪಿನ ತುಂಡು ಎಷ್ಟಿದೆಯೋ ಅಷ್ಟೇ ಉದ್ದ. ಶ್ರುತಿಯನ್ನು ನಿರ್ಧರಿಸುವವನು ನಿಮ್ಮೂರಿನ ಪ್ಲಂಬರ್.

“31 ಸೆಂ.ಮೀ. ಒಳಗೆ ಹಿಡಿಸಲ್ಲ ಸಾರ್, ಸಣ್ಣ ಪೈಪ್ ಹಾಕೋಣ” ಎನ್ನುವ ಜಾಣರೂ ಇದ್ದಾರೆ. ಸೂತ್ರದ ಪ್ರಕಾರ ಅದು ಸರಿಯೇ: ವ್ಯಾಸ 5 ಸೆಂ.ಮೀ. ಆದರೆ ಅದೇ 35 ಹರ್ಟ್ಸ್‌ಗೆ ಬರೀ 6 ಸೆಂ.ಮೀ. ಉದ್ದ ಸಾಕು. ಆದರೆ ಬಾಯಿಯ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯಿತು. ಅಷ್ಟೇ ಗಾಳಿ ಹೋಗಿಬರಬೇಕಾದರೆ ನಾಲ್ಕು ಪಟ್ಟು ವೇಗದಲ್ಲಿ ಓಡಬೇಕು. ಪೈಪಿನ ಗಾಳಿ ಸೆಕೆಂಡಿಗೆ 17 ಮೀಟರ್ ಮೀರಬಾರದೆಂಬುದು ಬಲ್ಲವರ ರೂಢಿ. ಅಂದರೆ ಗಂಟೆಗೆ 60 ಕಿ.ಮೀ. ನಾಲ್ಕು ಪಟ್ಟು ಮಾಡಿದರೆ 240. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾರು ನಿಂತಲ್ಲೇ ನಿಂತಿದೆ, ಡಿಕ್ಕಿಯ ಪೈಪಿನಲ್ಲಿ ಗಾಳಿ 240ರಲ್ಲಿ ಓಡುತ್ತಿದೆ. ಇಡೀ ಬೆಂಗಳೂರಿನಲ್ಲಿ ತಡೆಯಿಲ್ಲದೆ ಸಾಗುತ್ತಿರುವ ಸಂಚಾರ ಅದೊಂದೇ. ಆಗ ತೂತಿನಿಂದ ಬೇಸ್ ಬದಲು ಬುಸ್ ಬುಸ್ ಬರುತ್ತದೆ. ಮಾಲೀಕನಿಗೆ ಅದೂ ಖುಷಿಯೇ. “ಗಾಳಿ ಹೇಗೆ ಹೊಡೀತಾ ಇದೆ ನೋಡು” ಎಂದು ಸ್ನೇಹಿತರ ಕೈಯನ್ನು ತೂತಿಗೆ ಹಿಡಿಸುತ್ತಾನೆ.

ವಾಟಿನ ವಿಷಯಕ್ಕೆ ಬಂದರೆ ಅದು ಪೂರ್ತಿ ಸಾಹಿತ್ಯ ವಿಭಾಗ. ಆಂಪ್ಲಿಫೈಯರ್ ಯಾನೆ ಆಂಪ್ ಮೇಲೆ ಚಿನ್ನದ ಅಕ್ಷರದಲ್ಲಿ 3000 ವಾಟ್ ಎಂದಿರುತ್ತದೆ. ಬಗ್ಗಿ ನೋಡಿದರೆ ಪಕ್ಕದಲ್ಲೇ 30 ಆಂಪಿಯರ್‌ನ ಪುಟ್ಟ ಫ್ಯೂಸು. ಓಡುವ ಕಾರಿನ ವಿದ್ಯುತ್ತು ಹದಿನಾಲ್ಕು ವೋಲ್ಟ್ ಅಂತಿಟ್ಟುಕೊಳ್ಳಿ. ಗುಣಿಸಿದರೆ 420 ವಾಟ್. ಅಷ್ಟೇ ಒಳಗೆ ಹೋಗಲು ಸಾಧ್ಯ, ಅದರಲ್ಲೂ ಒಂದು ಪಾಲು ಬಿಸಿಯಾಗಿ ಆರಿಹೋಗುತ್ತದೆ. ಉಳಿದ 2580 ಕವಿಸಮಯ. ನಿಜವಾಗಿ 3000 ವಾಟ್ ಬೇಕಾದರೆ 200ಕ್ಕೂ ಹೆಚ್ಚು ಆಂಪಿಯರ್ ಹರಿಯಬೇಕು. ಸಣ್ಣ ಕಾರಿನ ಆಲ್ಟರ್ನೇಟರ್ ಅದನ್ನು ಕನಸಿನಲ್ಲೂ ಕೊಡುವುದಿಲ್ಲ. ಬೇಸ್ ಬಡಿದಾಗಲೆಲ್ಲ ಹೆಡ್‌ಲೈಟ್ ಕಣ್ಣು ಮುಚ್ಚುವುದು ತಾಳಕ್ಕೆ ತಲೆದೂಗಿ ಅಲ್ಲ, ಹಸಿವಿನಿಂದ.

ಇಷ್ಟಾಗಿಯೂ ಡಬ್ಬಕ್ಕೆ ಒಂದು ನಿಯತ್ತಿದೆ. ಶ್ರುತಿಯ ಹತ್ತಿರ ಸ್ಪೀಕರಿನ ಕೋನ್ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಕೆಲಸವನ್ನೆಲ್ಲ ಪೈಪಿನ ಗಾಳಿಯೇ ಮಾಡುತ್ತದೆ. ಶ್ರುತಿಗಿಂತ ಕೆಳಗಿಳಿದ ಕೂಡಲೇ ಒಳಗಿನ ಗಾಳಿ ಕೈಬಿಡುತ್ತದೆ, ಆಸರೆ ತಪ್ಪಿದ ಕೋನ್ ಹುಚ್ಚೆದ್ದು ಕುಣಿಯುತ್ತದೆ. ಅದನ್ನು ತಡೆಯಲು ಸಬ್‌ಸಾನಿಕ್ ಫಿಲ್ಟರ್ ಎಂಬ ತಿರುಪು ಹಲವು ಆಂಪ್‌ಗಳಲ್ಲಿ ಇರುತ್ತದೆ. ನಮ್ಮವರು ಅದನ್ನೂ ಬೇಸ್ ಬೂಸ್ಟ್ ಎಂದೇ ತಿಳಿದು ಎರಡನ್ನೂ ಕೊನೆತನಕ ತಿರುಗಿಸುತ್ತಾರೆ. ಕಾಯಿಲ್ ಸುಟ್ಟ ವಾಸನೆ ಬಂದಾಗ ತೀರ್ಮಾನ ಒಂದೇ: ಈ ಕಂಪನಿ ಸರಿಯಿಲ್ಲ, ಮುಂದಿನ ಸಲ ಹದಿನೈದು ಇಂಚಿನದು ಹಾಕಿಸಬೇಕು.

ಇನ್ನು ಇದರಲ್ಲಿ ಕೇಳುವುದಾದರೂ ಏನನ್ನು? ಸಾಮಾನ್ಯ ಬೇಸ್ ಗಿಟಾರಿನ ಅತಿ ತಗ್ಗಿನ ತಂತಿಯೇ 41 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಗಂಡಸಿನ ಕಂಠ ಸಾಮಾನ್ಯವಾಗಿ 80ರ ಕೆಳಗೆ ಇಳಿಯುವುದಿಲ್ಲ. ಸಿ. ಅಶ್ವತ್ಥ್ ಹಾಡಿದ ಭಾವಗೀತೆ ಹಾಕಿದರೆ ಈ ಡಬ್ಬಕ್ಕೆ ಮಾಡಲು ಕೆಲಸವೇ ಇಲ್ಲ. ಹಾಗಾಗಿ ಕೆಲಸ ಕೊಡುವ ಹಾಡನ್ನು ಹುಡುಕಿ ತರಬೇಕು: ಯಾರೋ ಅಡಿಪಾಯಕ್ಕೆ ಇನ್ನಷ್ಟು ಗುಡುಗು ತುಂಬಿದ ‘ಬೇಸ್ ಬೂಸ್ಟೆಡ್’ ಆವೃತ್ತಿ. ಅದನ್ನೂ 42ರ ಡಬ್ಬ ತನ್ನ ದಾರಿಗೇ ಎಳೆದುಕೊಳ್ಳುತ್ತದೆ. ಪ್ರೇಮಗೀತೆಯಾಗಲಿ, ದೇವರನಾಮವಾಗಲಿ, ಹೀರೋ ಎಂಟ್ರಿಯಾಗಲಿ, ಹೊರಡುವುದು ಒಂದೇ ಧುಂ. ನಾಮರೂಪಗಳೆಲ್ಲ ಮಿಥ್ಯೆ, ಧುಂ ಒಂದೇ ಸತ್ಯ ಎನ್ನುವ ಇಂಥ ಅಪ್ಪಟ ಅದ್ವೈತಿ ಶೃಂಗೇರಿಯಲ್ಲೂ ಸಿಗುವುದು ಕಷ್ಟ.

ಆ ಧುಂನ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಎರಡು ಆಲ್ಟೊ ಕಾರುಗಳನ್ನು ಸಾಲಾಗಿ ನಿಲ್ಲಿಸಿದರೂ ಅದಕ್ಕೆ ಸಾಲದು. ಗಾಜು ಏರಿಸಿದರೆ ಹಾಡು ಒಳಗೇ ಉಳಿಯುತ್ತದೆ, ಧುಂ ಹೊರಗೆ ಬರುತ್ತದೆ. ಹೀಗೆ ದುಡ್ಡು ಕೊಟ್ಟವನಿಗೆ ಸಂಗೀತ, ಬೀದಿಗೆ ಅದರ ಕಂಪನ. ನಂಬರ್ ಪ್ಲೇಟು ಗಡಗಡ ಎನ್ನುತ್ತದೆ, ಮಲಗಿದ ಮಗು ಎದ್ದು ಕೂರುತ್ತದೆ.

ಕಾನೂನು ಇಲ್ಲವೇ ಎಂದರೆ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಿತಿ 45 ಡೆಸಿಬೆಲ್. ಆದರೆ ಅದನ್ನು ಅಳೆಯುವುದು ‘ಎ’ ಮಾಪಕದಲ್ಲಿ. ಸಣ್ಣ ಸದ್ದಿಗೆ ನಮ್ಮ ಕಿವಿ ಹೇಗೆ ಓಗೊಡುತ್ತದೋ ಹಾಗೆ ರೂಪಿಸಿದ ಆ ಮಾಪಕ ತಗ್ಗಿನ ಸ್ವರಗಳನ್ನು ಕಂಡೂ ಕಾಣದಂತೆ ಬಿಡುತ್ತದೆ. 40 ಹರ್ಟ್ಸ್ ಹತ್ತಿರ ಸುಮಾರು 35 ಡೆಸಿಬೆಲ್ ಕಳೆದು ಬರೆದುಕೊಳ್ಳುತ್ತದೆ. ನಿಮ್ಮ ಮಲಗುವ ಕೋಣೆಯ ಕಿಟಕಿಗೆ 80 ಡೆಸಿಬೆಲ್ ಧುಂ ಬಂದು ಬಡಿದರೆ ಮೀಟರಿನಲ್ಲಿ ಕಾಣುವುದು 45. ಕಾನೂನು ಹೇಳಿದ್ದೂ 45.

ಆದ್ದರಿಂದ ದೂರು ಕೊಡಲು ಹೋಗುವವರು ಮೊದಲು ತಮ್ಮ ಕಿವಿಯನ್ನು ‘ಎ’ ಮಾಪಕಕ್ಕೆ ಹೊಂದಿಸಿಕೊಳ್ಳತಕ್ಕದ್ದು. ಡಬ್ಬ ಕಟ್ಟಿದವನು ಲೆಕ್ಕ ಮಾಡಲಿಲ್ಲ, ಕೊಂಡವನು ಕೇಳಲಿಲ್ಲ. ಕೂಡಿ ಕಳೆದು ಲೆಕ್ಕ ಒಪ್ಪಿಸಿದ್ದು ಸರ್ಕಾರದ ಮೀಟರ್ ಒಂದೇ, ಅದೂ 35 ಡೆಸಿಬೆಲ್ ರಿಯಾಯಿತಿ ಕೊಟ್ಟು.