ಆಗಸ್ಟಸನ ಅಳಿಯಕಟ್ಟು

ನಿವೃತ್ತರಾದ ಗಂಡಸರಿಂದ ಬಂಟ್ವಾಳದ ಕಡೆಯ ಮನೆಗಳು ಹೆಚ್ಚೇನೂ ಬಯಸುವುದಿಲ್ಲ. ಅಂಗಳದಲ್ಲಿ ಒಣಹಾಕಿದ ಅಡಿಕೆ ಮಳೆಗೆ ಸಿಗದಂತೆ ನೋಡಿಕೊಳ್ಳಬೇಕು, ತೋಟದ ಪಂಪು ಬಂದ್ ಮಾಡಲು ಮರೆಯಬಾರದು, ಕರೆದ ಮದುವೆಗಳಿಗೆ ಹೋಗಿ ಉಂಡು ಬರಬೇಕು. ಇದರಲ್ಲಿ ಮೂರನೆಯದೊಂದೇ ನನ್ನಿಂದ ಸರಿಯಾಗಿ ಆಗುತ್ತಿದ್ದುದರಿಂದ ಇತಿಹಾಸದ ಎಂ.ಎ.ಗೆ ಸೇರಿಕೊಂಡೆ. ದೂರಶಿಕ್ಷಣ. ಪುರಾತನ ರೋಮಿನ ಪತ್ರಿಕೆ ಆರಿಸಿಕೊಂಡದ್ದರ ಹಿಂದೆ ಒಂದು ಲೆಕ್ಕಾಚಾರವಿತ್ತು. ತುಳುನಾಡಿನ ಇತಿಹಾಸ ಮಾತಾಡಿದರೆ ನಮ್ಮ ನೆಂಟರಲ್ಲಿ ತಪ್ಪು ಹಿಡಿಯುವವರು ಊರಿಗೆ ಹತ್ತು ಜನ. ರೋಮಿನ ಸುದ್ದಿ ಎತ್ತಿದರೆ ಎಲ್ಲರೂ ಬಾಯಿ ಮುಚ್ಚಿ ಕೇಳುತ್ತಾರೆ ಅಂದುಕೊಂಡಿದ್ದೆ.

ಮೊದಲು ಬಾಯಿ ತೆರೆದವರು ಮೂಡುಬಿದಿರೆಯ ದೊಡ್ಡಮ್ಮ. ಎಂಬತ್ತು ದಾಟಿದ ಅವರು ನಮ್ಮ ಕುಟುಂಬದ ಯಜಮಾನ್ತಿ. ಸಾವಿರ ಕಂಬದ ಬಸದಿಯ ಊರಿನವರಾದ್ದರಿಂದ ರೋಮಿನ ಕಂಬಗಳ ಫೋಟೋ ತೋರಿಸಿದರೂ ಹುಬ್ಬೇರಿಸುವವರಲ್ಲ. ಅವರೆದುರು ನಾನು ಗಂಭೀರವಾಗಿ ಶುರುಮಾಡಿದೆ: ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಕೊಲೆಯಾಯಿತು. ಉಯಿಲು ಒಡೆದು ನೋಡಿದರೆ ವಾರಸುದಾರ 18 ವರ್ಷದ ಒಬ್ಬ ಹುಡುಗ. ಸೀಸರನ ಸೋದರಿಯ ಮಗಳ ಮಗ. ಮುಂದೆ ಆಗಸ್ಟಸ್ ಅನ್ನಿಸಿಕೊಂಡವನು ಇವನೇ. ಇದರ ಮಹತ್ವ ವಿವರಿಸಲು ನಾನು ಕನ್ನಡಕ ಏರಿಸುತ್ತಿರುವಾಗಲೇ ದೊಡ್ಡಮ್ಮ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು:

"ಅಳಿಯಕಟ್ಟಲ್ಲವಾ ಅದು? ಅಕ್ಕತಂಗಿಯ ಸಂತಾನಕ್ಕೆ ಹೋಗದೆ ಮತ್ತೆಲ್ಲಿಗೆ ಹೋಗಬೇಕಿತ್ತು ಮಗಾ?"

ಹಾಗಲ್ಲ, ರೋಮಿನವರದು ಅಪ್ಪನ ವಂಶ, ಅದಕ್ಕೇ ಉಯಿಲಿನಲ್ಲಿ ದತ್ತು ತೆಗೆದುಕೊಳ್ಳಬೇಕಾಯಿತು, ಕ್ಲಿಯೋಪಾತ್ರಳಲ್ಲಿ ಸೀಸರನಿಗೆ ಒಬ್ಬ ಮಗನೂ ಇದ್ದನೆಂದು ಹೇಳುತ್ತಾರೆ ಎಂದೆ.

"ಇರಲಿ. ಅವನಿಗೆ ತಾಯಿ ಮನೆಯಿಂದ ಈಜಿಪ್ಟ್ ಸಿಗುವುದಿಲ್ಲವಾ? ಅಪ್ಪನ ಆಸ್ತಿಗೆ ಎಂತಕ್ಕೆ ಆಸೆ?"

ನನ್ನ ಪಠ್ಯಪುಸ್ತಕ ಇದಕ್ಕೆ ಉತ್ತರ ಕೊಟ್ಟಿರಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ತುಳುನಾಡಿನ ದೇವಪಾಂಡ್ಯನ ಹಡಗಿನ ಕಥೆಗೆ ಹೋಗಿದ್ದರು. ಹಡಗು ನೀರಿಗಿಳಿಯಬೇಕಾದರೆ ಕುಂಡೋದರ ಭೂತ ಬಲಿ ಕೇಳಿದ್ದು, ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪದೆ ತಂಗಿ ತನ್ನ ಮಗನನ್ನು ಒಪ್ಪಿಸಿದ್ದು, ಆ ಹುಡುಗನೇ ಭೂತಾಳ ಪಾಂಡ್ಯನಾಗಿ, ಆಸ್ತಿ ಮಗನ ಬದಲು ಸೋದರಳಿಯನಿಗೆ ಹೋಗುವ ಅಳಿಯಕಟ್ಟು ತಂದದ್ದು, ಎಲ್ಲವೂ ಬಂತು. ಆಗಸ್ಟಸ್ ತನ್ನ ಒಬ್ಬಳೇ ಮಗಳನ್ನು ಮೊದಲು ಕೊಟ್ಟದ್ದು ಸೋದರಿಯ ಮಗ ಮಾರ್ಸೆಲಸನಿಗೆ ಎಂದು ನಾನು ಬಾಯಿತಪ್ಪಿ ಹೇಳಿಬಿಟ್ಟೆ. "ಸೋದರಮಾವನ ಮಗಳು! ಒಳ್ಳೆ ಸಂಬಂಧ," ಎಂದು ದೊಡ್ಡಮ್ಮ ರೋಮ್ ಸಾಮ್ರಾಜ್ಯವನ್ನು ನಮ್ಮ ಕುಟುಂಬಕ್ಕೆ ಸೇರಿಸಿಕೊಂಡೇ ಬಿಟ್ಟರು. ಮಾರ್ಸೆಲಸ್ ಚಿಕ್ಕ ಪ್ರಾಯದಲ್ಲೇ ತೀರಿಕೊಂಡ ಎಂದಾಗ ಅವರು ನಿಜವಾಗಿಯೂ ಬೇಸರಪಟ್ಟರು.

ಅವರ ವಾದವನ್ನು ಮುರಿಯಲು ಬಸ್ಸಿನಲ್ಲಿ ಸಿದ್ಧಕಟ್ಟೆಯವರೆಗೂ ಪುಸ್ತಕ ತಿರುವಿದೆ. ಆಗಸ್ಟಸನಿಂದ ಹಿಡಿದು ಕ್ರಿ.ಶ. 79ರಲ್ಲಿ ವೆಸ್ಪಾಸಿಯನ್ನನ ಮಗ ಟೈಟಸ್ ಪಟ್ಟಕ್ಕೆ ಬರುವವರೆಗೆ, ಹೆತ್ತ ಮಗನಿಗೆ ಸಿಂಹಾಸನ ಬಿಟ್ಟುಹೋದ ಚಕ್ರವರ್ತಿ ಒಬ್ಬನೂ ಸಿಗಲಿಲ್ಲ. ಪುಸ್ತಕ ಮುಚ್ಚಿದೆ.

ಈ ವಿಷಯದಲ್ಲಿ ನನಗೆ ಸ್ವಲ್ಪ ಸ್ವಂತ ಉರಿಯೂ ಉಂಟು. 1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂತು, 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ನನ್ನ ಸೋದರಮಾವ ಹೊಸ ಕಾಲದ ಮನುಷ್ಯ, ಆಸ್ತಿಯನ್ನು ತನ್ನ ಮಕ್ಕಳಿಗೆ ಬರೆದರು. ನನ್ನ ಅಪ್ಪ ಹಳೇ ಕಾಲದ ಮನುಷ್ಯ, ತನ್ನದನ್ನು ಅಳಿಯಂದಿರಿಗೆ ಬಿಟ್ಟರು. ಇಬ್ಬರದೂ ನ್ಯಾಯವೇ. ಎರಡು ನ್ಯಾಯಗಳ ನಡುವೆ ನಿಂತವನು ಈಗ ಹೆಂಡತಿಗೆ ಬಂದ ತೋಟದಲ್ಲಿ, ಹೆಂಡತಿಯ ಮನೆಯ ಚಾವಡಿಯಲ್ಲಿ ಕುಳಿತು ರೋಮಿನ ಕುಟುಂಬ ಪದ್ಧತಿ ಓದುತ್ತಿದ್ದಾನೆ. ಅಲ್ಲಿ ಮನೆಯ ಯಜಮಾನನಿಗೆ ಮಕ್ಕಳ ಪ್ರಾಣ ತೆಗೆಯುವ ಹಕ್ಕು ಕೂಡ ಇತ್ತು. ಅವನು ಬದುಕಿರುವಷ್ಟು ಕಾಲ ಬೆಳೆದ ಮಗನಿಗೂ ಸ್ವಂತ ಆಸ್ತಿಯಿಲ್ಲ. ಈ ಭಾಗವನ್ನು ನಾನು ಬೇಕೆಂದೇ ಒಳಗೆ ಕೇಳುವಂತೆ ಗಟ್ಟಿಯಾಗಿ ಓದಿದೆ. ಅಡಿಗೆಮನೆಯಿಂದ ಉತ್ತರ ಬಂತು: "ಓದಿ ಆಗಿದ್ದರೆ ಒಂದು ತೆಂಗಿನಕಾಯಿ ಸುಲಿದು ಕೊಡಿ."

ಟೈಬೀರಿಯಸ್ ಚಕ್ರವರ್ತಿಯಾಗುವ ಮೊದಲು ಎಲ್ಲ ಬಿಟ್ಟು ರೋಡ್ಸ್ ದ್ವೀಪಕ್ಕೆ ಹೋಗಿ ವರ್ಷಗಟ್ಟಲೆ ಕುಳಿತಿದ್ದ. ಹೆಂಡತಿ ಜೂಲಿಯಾಳ ಸಹವಾಸ ಸಾಕಾದದ್ದೂ ಒಂದು ಕಾರಣವಂತೆ. ನನಗೆ ರೋಡ್ಸ್ ಅಂದರೆ ಬೆಳ್ತಂಗಡಿ. ಅಲ್ಲಿ ಹೆಂಡತಿಯ ಅಣ್ಣ ಇದ್ದಾರೆ, ಅಡಿಕೆ, ಒಳ್ಳೆಮೆಣಸಿನ ವ್ಯಾಪಾರ. ಅವರಿಗೆ ಚಕ್ರವರ್ತಿಗಳು ಬೇಡ, ರೇಟು ಬೇಕು. ಅದೃಷ್ಟಕ್ಕೆ ಪ್ಲಿನಿ ಎಂಬ ಪುಣ್ಯಾತ್ಮ ಅದನ್ನೂ ಬರೆದಿಟ್ಟಿದ್ದಾನೆ: ಕಪ್ಪು ಒಳ್ಳೆಮೆಣಸು ಪೌಂಡಿಗೆ 4 ದಿನಾರಿಯಸ್. ರೋಮನ್ ಪೌಂಡೆಂದರೆ ಸುಮಾರು 327 ಗ್ರಾಂ. ಆಗ ಸಿಪಾಯಿಯ ವರ್ಷದ ಸಂಬಳ 225 ದಿನಾರಿಯಸ್. ಬಾವ ಮೊಬೈಲಿನಲ್ಲಿ ಲೆಕ್ಕ ಹಾಕಿ ಎದ್ದುನಿಂತರು. "ಒಂದು ಕಿಲೋಕ್ಕೆ ಸಿಪಾಯಿಯ 20 ದಿನದ ಸಂಬಳ! ಈಗ ಒಂದು ಕಿಲೋದಲ್ಲಿ ಕೊಯ್ಯುವವನ ಒಂದು ದಿನದ ಕೂಲಿ ಹುಟ್ಟುವುದಿಲ್ಲ ಬಾವ. ನಾವು ಹುಟ್ಟಿದ್ದೇ ತಡ ಆಯ್ತು ಮಾರಾಯ್ರೇ."

ಕ್ರಿ.ಶ. 408ರಲ್ಲಿ ಗಾಥ್ ದೊರೆ ಅಲಾರಿಕ್ ರೋಮಿಗೆ ಮುತ್ತಿಗೆ ಹಾಕಿ, ಬಿಟ್ಟುಹೋಗಲು ಚಿನ್ನ ಬೆಳ್ಳಿಯ ಜೊತೆ 3000 ಪೌಂಡ್ ಒಳ್ಳೆಮೆಣಸನ್ನೂ ಕೇಳಿದ್ದ ಎಂದೆ. "ಬರೀ ಹತ್ತು ಕ್ವಿಂಟಾಲು! ನಮ್ಮಲ್ಲಿಗೆ ಬಂದಿದ್ದರೆ ಗೋಣಿ ಸಮೇತ ತೂಗಿ ಕೊಡುತ್ತಿದ್ದೆ."

ಮನೆಗೆ ಬಂದು ಇದನ್ನೆಲ್ಲ ಹೇಳಿದೆ. ಮೆಣಸಿನಲ್ಲಿ ಖಾರ ಬಿಟ್ಟರೆ ಏನಿದೆ ಎಂದು ಅದಕ್ಕಾಗಿ ಇಂಡಿಯಾಕ್ಕೆ ಹೋಗುತ್ತಾರೋ ಎಂದು ಪ್ಲಿನಿ ಗೊಣಗಿದ್ದನ್ನು ಕೇಳಿ ಹೆಂಡತಿಗೆ ಸಿಟ್ಟು ಬಂತು. "ಶೀತ ಆದಾಗ ಅವನಿಗೆ ಮೆಣಸಿನ ಸಾರು ಮಾಡಿ ಕೊಡುವವರು ಯಾರೂ ಇರಲಿಲ್ಲವೋ ಏನೋ, ಪಾಪ." ಅದೇ ಪ್ಲಿನಿ ನಮ್ಮ ಕರಾವಳಿಯ ನಿಟ್ರಿಯಾಸ್ ಎಂಬ ಜಾಗದ ಕಡಲ್ಗಳ್ಳರ ಹೆದರಿಕೆಯನ್ನೂ ಬರೆದಿದ್ದಾನೆ, ಅದು ನೇತ್ರಾವತಿ ಕಡಲು ಸೇರುವ ಮಂಗಳೂರೇ ಇರಬೇಕೆಂದು ಕೆಲವು ವಿದ್ವಾಂಸರ ಊಹೆ ಎಂದೆ. ನಮ್ಮ ತೋಟದ ಕೆಳಗೆ ಹರಿಯುವುದು ಅದೇ ನೇತ್ರಾವತಿ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಡಗು ಹತ್ತುವವರ ಊರಿನಲ್ಲಿ ನಿಮಗೆ ಏಣಿ ಹತ್ತಲಿಕ್ಕೆ ಹೆದರಿಕೆ," ಎಂದಳು.

ಮೊದಲ ವರ್ಷ ಪಾಸಾಗಿದೆ, ದರ್ಜೆ ಕೇಳಬೇಡಿ. ಆದರೆ ನಾನು ಪುಸ್ತಕ ಹಿಡಿದಿದ್ದ ಆಟಿ ತಿಂಗಳಲ್ಲಿ ಬೋರ್ಡೋ ದ್ರಾವಣ ಹೊಡೆಯುವುದು ತಪ್ಪಿ ತೋಟದ ಒಳ್ಳೆಮೆಣಸಿನ ಬಳ್ಳಿಗಳಿಗೆ ಸೊರಗು ರೋಗ ಬಂತು. ಉಳಿದ ಬಳ್ಳಿಗಳ ಮೆಣಸು ಕೊಯ್ದು ಒಣಗಿಸದೆ ಎರಡನೇ ವರ್ಷದ ಫೀಸು ಇಲ್ಲವೆಂದು ಮನೆಯ ಸೆನೆಟ್ ತೀರ್ಮಾನಿಸಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಏಣಿ ಹತ್ತಿ ಒಳ್ಳೆಮೆಣಸು ಕೊಯ್ಯುವ ಜನ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕೂಲಿಯ ಜೊತೆ ಎರಡು ಹೊತ್ತು ಊಟ ಉಂಟು. ರೋಮಿನ ಸುದ್ದಿ ನಾನು ಎತ್ತುವುದಿಲ್ಲ.