ಟೆಂಪಣ್ಣ

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಆಫೀಸಿನಲ್ಲಿ ಮಾತ್ರ ಅವನು ಟೆಂಪಣ್ಣ. ಅವನ ಫೋಲ್ಡರು ತೆರೆದರೆ ಸಾಲಾಗಿ ಕೂತಿರುತ್ತವೆ: ಟೆಂಪ್1, ಟೆಂಪ್2, ಟೆಂಪ್4, ಟೆಂಪ್_ಫೈನಲ್, ಟೆಂಪ್_ಫೈನಲ್_ಇದೇ. ಟೆಂಪ್3 ಎಲ್ಲಿ ಎಂದು ಕೇಳಬೇಡಿ. ಅದು ಪ್ರೊಡಕ್ಷನ್ನಿನಲ್ಲಿ ಓಡುತ್ತಿದೆ.

"ಅಳಿಸಯ್ಯ" ಅಂದರೆ, "ಇರ್ಲಿ ಬಿಡಿ ಸಾರ್, ಯಾವತ್ತಾದ್ರೂ ಬೇಕಾಗತ್ತೆ" ಅನ್ನುತ್ತಾನೆ. ಈ ಮಾತು ನಾನು ಮೊದಲು ಕೇಳಿದ್ದು ನಮ್ಮಜ್ಜಿಯ ಬಾಯಲ್ಲಿ, ಅಟ್ಟದ ಮೇಲಿದ್ದ ಖಾಲಿ ಹಾರ್ಲಿಕ್ಸ್ ಬಾಟಲಿಗಳ ವಿಷಯದಲ್ಲಿ. ಅವುಗಳಲ್ಲಿ ಕೊನೆಗೆ ಉಪ್ಪಿನಕಾಯಿಯಾದರೂ ತುಂಬಿತು.

ಬೇಡದ ಕೋಡನ್ನು ಟೆಂಪಣ್ಣ ತೆಗೆಯುವುದಿಲ್ಲ, ಪ್ರತಿ ಸಾಲಿನ ಮುಂದೆ ಕಾಮೆಂಟ್ ಗುರುತು ಹಾಕಿ ಮಲಗಿಸುತ್ತಾನೆ. ಇಂಥ ಹಳೆಯದನ್ನೆಲ್ಲ ನೆನಪಿಡಲೆಂದೇ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದದ್ದು, ಒಮ್ಮೆ ಕಮಿಟ್ ಮಾಡಿದ್ದನ್ನು ಅಳಿಸಿದರೂ ವಾಪಸ್ ತರಬಹುದು ಕಣಯ್ಯ ಅಂದೆ. "ಗೊತ್ತು ಸಾರ್. ಆದ್ರೂ ಕಣ್ಮುಂದೆ ಇದ್ರೆ ಒಂದು ಧೈರ್ಯ." ಪಕ್ಕದಲ್ಲೇ ಅವನದೊಂದು ಟಿಪ್ಪಣಿ ಇತ್ತು: 'ಇದನ್ನು ಸೋಮವಾರ ತೆಗೆಯಬೇಕು.' ಯಾವ ಸೋಮವಾರ ಎಂದು ಬರೆದಿರಲಿಲ್ಲ.

ತಪ್ಪು ಹುಡುಕುವಾಗ ಅಲ್ಲಲ್ಲಿ ಪ್ರಿಂಟ್ ಹಾಕುವುದು ಎಲ್ಲರ ಚಾಳಿಯೇ. ಟೆಂಪಣ್ಣನವು ಮಾತ್ರ ಮಾತಾಡುತ್ತವೆ: 'ಇಲ್ಲಿಗೆ ಬಂದೆ', 'ಇಲ್ಲಿಗೂ ಬಂದೆ', 'ಇಲ್ಲಿಗೆ ಬರಬಾರದಿತ್ತು'. ಒಂದು ಸಲ ಇವು ಹಾಗೇ ಗಿರಾಕಿಯ ಸರ್ವರಿಗೆ ಹೋದವು. ಲಾಗ್ ಓದಿದ ಅವರು ರಾತ್ರಿ ಹತ್ತಕ್ಕೆ ಫೋನ್ ಮಾಡಿದರು: "ಒಳಗೆ ಯಾರು ಬಂದಿದ್ದಾರೆ?"

ಇನ್ನೊಂದು ದಿನ ಪೈಥಾನಿನಲ್ಲಿ ಏನೋ ಪರೀಕ್ಷೆ ಮಾಡಲು ಹೋಗಿ ಆ ಪುಟ್ಟ ಫೈಲಿಗೆ ರ‍್ಯಾಂಡಮ್ ಎಂದೇ ಹೆಸರಿಟ್ಟ. ಎಂದಿನಂತೆ ಅಳಿಸಲಿಲ್ಲ. ಅದೇ ಫೋಲ್ಡರಿನ ಪ್ರೋಗ್ರಾಮು ರ‍್ಯಾಂಡಮ್ ಲೈಬ್ರರಿಯನ್ನು ಕರೆದಾಗ ಪೈಥಾನಿಗೆ ಮೊದಲು ಸಿಕ್ಕಿದ್ದು ಇವನ ಫೈಲು. ಅದರಲ್ಲಿ ಬೇಕಾದ ಫಂಕ್ಷನ್ ಎಲ್ಲಿಂದ ಬರಬೇಕು? ಮಧ್ಯಾಹ್ನದ ಊಟದವರೆಗೂ ಪೈಥಾನನ್ನು ಬೈದ, ಒಮ್ಮೆ ಅಳಿಸಿ ಮತ್ತೆ ಹಾಕಿದ. ಪೈಥಾನನ್ನು ಅಳಿಸಿದ ಸ್ವಾಮಿ, ಫೈಲನ್ನಲ್ಲ! ಕೊನೆಗೆ ಕಾರಣ ಗೊತ್ತಾದ ಮೇಲೆ ಅದರ ಹೆಸರು ಬದಲಾಯಿಸಿದ. ಈಗ ಅದು ರ‍್ಯಾಂಡಮ್_ಹಳೇದು.

ಇಷ್ಟೆಲ್ಲ ಕೂಡಿಡುವ ಮನುಷ್ಯ, ನಿಜಕ್ಕೂ ಬೇಕಾದ ಒಂದೇ ಒಂದು ಟಿಪ್ಪಣಿಯನ್ನು, ಅಂದರೆ ಹಳೆಯ ಡೇಟಾವನ್ನು ಹೊಸ ಸರ್ವರಿಗೆ ಸಾಗಿಸುವ ಕ್ರಮವನ್ನು, ಇಟ್ಟದ್ದು ಲಿನಕ್ಸಿನ ಟಿಎಂಪಿ ಡೈರೆಕ್ಟರಿಯಲ್ಲಿ. ಆ ಯಂತ್ರದಲ್ಲಿ ರೀಬೂಟ್ ಆದರೆ ಅದು ತಾನಾಗಿ ಖಾಲಿಯಾಗುತ್ತದೆ. ಶುಕ್ರವಾರ ರೀಬೂಟ್ ಆಯಿತು.

ಸೋಮವಾರ ಬಾಡಿದ ಮುಖ ಹೊತ್ತು ಬಂದ. "ಸಾರ್, ಆವತ್ತು ನಿಮಗೊಂದು ಕಾಪಿ ಕಳಿಸಿದ್ನಲ್ಲ, ಇದೆಯಾ?"

ಇತ್ತು. ನನ್ನ ಡೆಸ್ಕ್‌ಟಾಪಿನ ಮೇಲೆ, 'ಆಮೇಲೆ ಅಳಿಸು' ಎಂಬ ಫೋಲ್ಡರಿನಲ್ಲಿ, ಎರಡು ವರ್ಷದಿಂದ.