ನೂರು ಮೀಟರಿನ ಸುಬೇದಾರರು

ಕೊಡಗಿನ ಯಾವ ಗ್ರಾಮಕ್ಕೆ ಹೋದರೂ ಅಲ್ಲಿ ಮನೆತನದ ಮೂಲಮನೆಯಾದ ಒಂದು ಐನ್‌ಮನೆ, ಒಂದು ಭಗವತಿಯ ಅಥವಾ ಮಹಾದೇವರ ದೇವಸ್ಥಾನ, ಒಂದು ಸಹಕಾರ ಸಂಘ, ಮತ್ತು ಸೈನ್ಯದಿಂದ ನಿವೃತ್ತರಾಗಿ ಬಂದು ಊರಿನ ಸಾರ್ವಜನಿಕ ಹಿತವನ್ನು ತಮ್ಮ ಪಿಂಚಣಿಯಷ್ಟೇ ನಿಯತವಾಗಿ ನೋಡಿಕೊಳ್ಳುತ್ತಿರುವ ಒಬ್ಬ ಮಹನೀಯರು, ಇಷ್ಟು ಇದ್ದೇ ಇರತಕ್ಕದ್ದು. ಮೊದಲಿನ ಮೂರನ್ನು ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾಲ್ಕನೆಯವರನ್ನು ಕುರಿತು ಯಾರೂ ಬರೆಯದಿರುವುದಕ್ಕೆ, ಬರೆದವರ ಮೇಲೆ ಮರುದಿನವೇ ಅಂಚೆಯಲ್ಲಿ ಒಂದು ಅರ್ಜಿ ಹೊರಡುವುದೆಂಬ ಭಯವಲ್ಲದೆ ಬೇರೆ ಕಾರಣವು ಕಾಣದು. ಆದಕಾರಣ ನಾನು ಅವರ ಹೆಸರನ್ನಾಗಲಿ ಮನೆತನದ ಹೆಸರನ್ನಾಗಲಿ ಎತ್ತದೆ, ಊರವರು ಕರೆಯುವಂತೆ ಸುಬೇದಾರರೆಂದೇ ಕರೆಯುವೆನು. ಇವರು ತಮ್ಮೂರಿನವರೆಂದು ಸುಂಟಿಕೊಪ್ಪದ ಕಡೆಯವರೂ, ಅಲ್ಲ ತಮ್ಮೂರಿನವರೆಂದು ನಾಪೋಕ್ಲಿನ ಕಡೆಯವರೂ ವಾದಕ್ಕೆ ನಿಂತರೆ, ಇಬ್ಬರ ಮಾತೂ ದಿಟವೆಂದೇ ತಿಳಿಯಬೇಕು.

ಸುಬೇದಾರರಿಗೆ ಎಪ್ಪತ್ತರ ಆಸುಪಾಸು. ಬೆನ್ನು ಇನ್ನೂ ಪರೇಡಿನದೇ. ಮೀಸೆಯ ತುದಿಗಳು ಮಾತ್ರ ಈಚೆಗೆ ವಿಶ್ರಾಂತಿ ಪಡೆದಿವೆ. ಅವರ ಹೆಗಲಿನ ಖಾಕಿ ಚೀಲದಲ್ಲಿ ಟ್ಯಾಗು ಕಟ್ಟಿದ ಕಡತಗಳೂ, ಸಹಿ ಬಾರದವರ ಹೆಬ್ಬೆಟ್ಟಿಗಾಗಿ ಒಂದು ಶಾಯಿಯ ಪ್ಯಾಡೂ, ಮೂವತ್ತು ಮೀಟರಿನ ಒಂದು ಟೇಪೂ ಸದಾ ಸನ್ನದ್ಧವಾಗಿರುವುವು. ಆ ಟೇಪಿನ ಮೊದಲ ಮೀಟರು ಸವೆದು ಸೊನ್ನೆಯ ಗುರುತೇ ಅಳಿಸಿಹೋಗಿರುವುದರಿಂದ, ಅವರು ಅಳತೆಯನ್ನು ಒಂದರಿಂದ ಆರಂಭಿಸಿ ಕಡೆಯಲ್ಲಿ ಒಂದನ್ನು ಕಳೆಯುವರು. ಕಳೆಯಲು ಮರೆಯುವುದೂ ಉಂಟು, ಆದರೆ ಆ ಮರೆವು ಯಾವಾಗಲೂ ವ್ಯಾಜ್ಯವು ಮುಂದುವರಿಯುವುದಕ್ಕೆ ಅನುಕೂಲವಾಗಿಯೇ ಒದಗುವುದು. ಅವರ ಮಾತು ಸಹ ಕಾಲಕ್ರಮದಲ್ಲಿ ಅರ್ಜಿಯ ರೂಪವನ್ನೇ ತಾಳಿಬಿಟ್ಟಿದೆ. ಮನೆಯಲ್ಲಿ ಸಾರಿಗೆ ಉಪ್ಪು ಕಡಮೆಯಾದರೆ, "ಈ ವಿಷಯವನ್ನು ಹಿಂದೆಯೂ ಗಮನಕ್ಕೆ ತರಲಾಗಿತ್ತು" ಎನ್ನುವರು. ಅವರ ಮನೆಯಾಕೆ, "ಪರಿಶೀಲನೆಯಲ್ಲಿದೆ" ಎಂದು ಹೇಳಿ ಒಳಗೆ ಹೋಗುವರು.

ಮುಂದೆ ಹೇಳಲಿರುವ ಮದ್ಯದಂಗಡಿಯ ವ್ಯಾಜ್ಯವನ್ನು ಕೇಳಿ ಇವರು ಪಾನನಿರೋಧದ ಪಕ್ಷದವರೆಂದು ಯಾರಾದರೂ ಭಾವಿಸಿದರೆ ಅದು ಮಹಾ ಅಪಚಾರವಾದೀತು. ತಿಂಗಳಿಗೊಮ್ಮೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಾಜಿ ಸೈನಿಕರ ಕ್ಯಾಂಟೀನಿಗೆ ಹೋಗಿ, ಸರತಿಯಲ್ಲಿ ನಿಂತು, ತಮ್ಮ ಕೋಟಾದ ರಮ್ಮನ್ನು ತರುವುದು ಅವರಿಗೆ ನಿತ್ಯಕರ್ಮಗಳ ಸಾಲಿಗೆ ಸೇರಿದ್ದು. ಹೊರಗಿನ ಅಂಗಡಿಯ ಸರಕನ್ನು ಅವರು ಮುಟ್ಟದಿರುವುದು ಅದು ಮದ್ಯವೆಂಬ ಕಾರಣಕ್ಕಲ್ಲ, ಅದರಲ್ಲಿ ತೆರಿಗೆಯು ಬೆರೆತಿದೆಯೆಂಬ ಕಾರಣಕ್ಕೆ. ಆಯುಧಗಳನ್ನು ಪೂಜಿಸುವ ಹಬ್ಬವಾದ ಕೈಲ್‌ಪೊಳ್ದಿನಂದು ಕೋವಿಗೆ ತೋಕ್ ಪೂವನ್ನು ಮುಡಿಸಿ, ಕುಲದ ಹಿರಿಯರಾದ ಕಾರಣವರಿಗೆ ಮೀದಿ, ಎಂದರೆ ಎಡೆ, ಇಡುವಾಗ ಎಲೆಯ ಮೇಲೆ ಏನೇನು ಇರಬೇಕೆಂಬುದನ್ನು ಅವರಷ್ಟು ಶಾಸ್ತ್ರೋಕ್ತವಾಗಿ ಬಲ್ಲವರು ವಿರಳ. ಮನೆಯಾಕೆಯು ಜಾಡಿಗಳಲ್ಲಿ ಇಡುವ ನೆಲ್ಲಿಕಾಯಿಯ, ಶುಂಠಿಯ, ಗಾಂಧಾರಿ ಮೆಣಸಿನ ವೈನುಗಳ ವಿಷಯದಲ್ಲಿ ಅವರು ಮೌನವಾಗಿರುವರು. ಆ ಮೌನವೂ ಕಾನೂನುಬದ್ಧವಾದ ಮೌನವೆಂದು ನನ್ನ ನಂಬುಗೆ. ಒಟ್ಟಿನಲ್ಲಿ ನಮ್ಮ ನಾಡಿನಲ್ಲಿ ಮದ್ಯವನ್ನು ವಿರೋಧಿಸುವವರು ವಿರಳರು. ಮದ್ಯದಂಗಡಿಯನ್ನು ವಿರೋಧಿಸುವವರು ಹೇರಳರು.

ಇಂಥ ಮಹನೀಯರ ಪ್ರತಿಭೆಯು ಪೂರ್ಣವಾಗಿ ಪ್ರಕಾಶಕ್ಕೆ ಬಂದದ್ದು 2017ರಲ್ಲಿ. ಹಿಂದಿನ ವರ್ಷದ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯವು ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯದಂಗಡಿ ಕೂಡದೆಂದು ವಿಧಿಸಿತು. ಮಾರ್ಚ್ 31ರಂದು, ಇಪ್ಪತ್ತು ಸಾವಿರಕ್ಕೆ ಮೀರದ ಜನಸಂಖ್ಯೆಯ ಊರುಗಳಿಗೆ ಆ ಅಂತರವನ್ನು 220 ಮೀಟರಿಗೆ ಇಳಿಸಿತು. ನೆರೆಯ ಕೇರಳದ ಉತ್ತರ ಪರವೂರಿನಲ್ಲಿ ಒಂದು ಬಾರಿನವರು ಬಾಗಿಲಿನ ಮುಂದೆ ಸುತ್ತಿ ಸುತ್ತಿ ಬರುವ ಗೋಡೆಗಳ ಚಕ್ರವ್ಯೂಹವನ್ನು ನಿರ್ಮಿಸಿ, ಗಿರಾಕಿಯು ನಡೆಯುವ ದೂರವನ್ನೇ ಹೆಚ್ಚಿಸಿಬಿಟ್ಟರು. ಆ ವಾರ್ತೆಯನ್ನು ಪತ್ರಿಕೆಯಲ್ಲಿ ಓದಿದ ದಿನ ಸುಬೇದಾರರು ಅದನ್ನು ಕತ್ತರಿಸಿ ಕಡತಕ್ಕೆ ಸೇರಿಸಿ, "ಮಲೆಯಾಳದಲ್ಲಿ ಬುದ್ಧಿ ಉಂಟು" ಎಂದು ಉದ್ಗರಿಸಿದರಂತೆ. ಜುಲೈ 11ರಂದು ನಗರಸಭೆ, ಪುರಸಭೆಗಳ ಎಲ್ಲೆಯೊಳಗಿನವರಿಗೆ ಈ ನಿರ್ಬಂಧವಿಲ್ಲವೆಂದು ನ್ಯಾಯಾಲಯವು ಸ್ಪಷ್ಟಪಡಿಸುವವರೆಗೆ ಪೇಟೆಯವರಿಗೂ ನಿದ್ದೆಯಿರಲಿಲ್ಲ. ಪಂಚಾಯಿತಿಗಳ ಪಾಡನ್ನು ಕೇಳುವುದೇನು?

ನಮ್ಮ ರಾಜ್ಯದಲ್ಲಿ ಚಿಲ್ಲರೆ ಮದ್ಯದಂಗಡಿಯ ಸನ್ನದನ್ನು, ಅಂದರೆ ಸಿಎಲ್-2ನ್ನು, 1992ರಿಂದೀಚೆಗೆ ಹೊಸದಾಗಿ ಕೊಡುವ ಪದ್ಧತಿಯು ಆಗ ನಿಂತುಹೋಗಿದ್ದುದರಿಂದ, ಇದ್ದ ಸನ್ನದುಗಳೇ ಕೈಯಿಂದ ಕೈಗೆ, ಊರಿನಿಂದ ಊರಿಗೆ ಸಂಚರಿಸಬೇಕಾಗಿತ್ತು. ಅಬಕಾರಿ ವರ್ಷವು ಜುಲೈ 1ರಂದು ಹುಟ್ಟುವುದರಿಂದ, ಹೆದ್ದಾರಿಯ ಅಂಚಿನವು ಅಷ್ಟರೊಳಗೆ ಬೇರೆ ನೆಲೆಯನ್ನು ಹುಡುಕಬೇಕಾಯಿತು. ಹೀಗೆ ಕುಶಾಲನಗರದಿಂದ ಮಡಿಕೇರಿಯ ಮಾರ್ಗವಾಗಿ ಸಂಪಾಜೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿ ಬಹುಕಾಲದಿಂದ ನೆಮ್ಮದಿಯಾಗಿದ್ದ ಒಂದು ಸನ್ನದು, ಜೂನ್ ತಿಂಗಳ ಮಳೆಯಲ್ಲಿ ನಿರಾಶ್ರಿತವಾಗಿ, ನಮ್ಮ ಸುಬೇದಾರರ ಗ್ರಾಮದಲ್ಲಿ ಕಾಫಿ ಮೂಟೆಗಳನ್ನು ಇಡುತ್ತಿದ್ದ ಒಂದು ಹಳೆಯ ಕೊಠಡಿಯನ್ನು ಆಶ್ರಯಿಸಲು ಬಂದಿತು. ಕೊಠಡಿಯಿದ್ದ ಭೂಮಿ ಮನೆತನಕ್ಕೆಲ್ಲ ವಂಶಪಾರಂಪರ್ಯವಾಗಿ ಸೇರಿದ ಜಮ್ಮಾ ಬಾಣೆ; ಪಹಣಿಯಲ್ಲಿ ಎರಡು ತಲೆಮಾರಿನ ಹಿಂದೆ ತೀರಿಕೊಂಡ ಪಟ್ಟೇದಾರರ ಹೆಸರೂ ಅದರ ಕೆಳಗೆ ಒಂದು ಮದುವೆಗೆ ಕರೆಯಬಹುದಾದಷ್ಟು ಜನರ ಹೆಸರುಗಳೂ ಇದ್ದುವು. ಅವರೆಲ್ಲರ ಒಪ್ಪಿಗೆಯನ್ನು ಪಡೆದ ಕಥೆಯೇ ಬೇರೊಂದು ಪುರಾಣ. ಅದನ್ನು ಇಲ್ಲಿ ಬಿಡುವೆನು.

ಸನ್ನದುದಾರನು ಮೊದಲು ಬಂದದ್ದು ಸುಬೇದಾರರ ಮನೆಗೇ. "ಮಾವ, ಒಂದು ಅರ್ಜಿ ಬರೆದುಕೊಡಬೇಕು" ಎಂದನು. ಸುಬೇದಾರರು ಬರೆದುಕೊಟ್ಟರು. ಶಾಲಾ ಮಕ್ಕಳಿಗಾಗಿ 'ಲೇಖಕ್' ನೋಟ್‌ಪುಸ್ತಕಗಳನ್ನು ಮಾರುವ ಎಂ.ಎಸ್.ಐ.ಎಲ್. ಎಂಬ ಸರ್ಕಾರದ ಸಂಸ್ಥೆಯೇ ರಾಜ್ಯದಾದ್ಯಂತ ಮದ್ಯದ ಮಳಿಗೆಗಳನ್ನೂ ನಡೆಸುತ್ತಿರುವಾಗ, ಒಬ್ಬ ಬಡ ವ್ಯಾಪಾರಿಯು ಅದರಲ್ಲಿ ಅರ್ಧ ಕಾರ್ಯವನ್ನು ಮಾತ್ರ ಮಾಡಹೊರಟರೆ ತಪ್ಪೇನೆಂದು ಅರ್ಜಿಯಲ್ಲಿ ಪ್ರಶ್ನಿಸಿದ್ದರು. ಮಾರನೆಯ ದಿನ ದೇವಸ್ಥಾನದ ಸಮಿತಿಯವರು ಬಂದರು. ಸುಬೇದಾರರು ಅವರಿಗೂ ಬರೆದುಕೊಟ್ಟರು. ಸಂವಿಧಾನದ 47ನೆಯ ಅನುಚ್ಛೇದವನ್ನು ಉದ್ಧರಿಸಿ, 1934ರಲ್ಲಿ ಮಹಾತ್ಮ ಗಾಂಧಿಯವರು ಪಾದಾರ್ಪಣ ಮಾಡಿದ, ಕೊಡಗಿನ ಗೌರಮ್ಮನವರು ಉಪವಾಸ ಕುಳಿತು ಅವರನ್ನು ಮನೆಗೆ ಬರಮಾಡಿಕೊಂಡು ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಅರ್ಪಿಸಿದ ಈ ಪುಣ್ಯಭೂಮಿಯಲ್ಲಿ ಇಂಥ ಅಂಗಡಿಯೆ, ಎಂದು ಗದ್ಗದಿಸಿದ್ದರು. ಎರಡೂ ಪತ್ರಗಳ ಅಕ್ಷರ ಒಂದೇ, ಕಾಗದ ಒಂದೇ, ಕಾಗುಣಿತದ ತಪ್ಪುಗಳೂ ಒಂದೇ. ಯಾರಿಂದಲೂ ಅವರು ಕಾಸು ತೆಗೆದುಕೊಳ್ಳಲಿಲ್ಲ. ಪ್ರತಿಯೊಂದರ ನಕಲನ್ನು ಮಾತ್ರ ಇಟ್ಟುಕೊಂಡರು.

ಮೂರನೆಯ ದಿನ ತೋಟದ ಕೂಲಿಕಾರರ ಲೈನ್ ಮನೆಗಳ ಹೆಂಗಸರು ಬಂದರು. ಬಟವಾಡೆಯ ಸಂಜೆ ಹಣವು ಮನೆಗೆ ಬರುವ ಮೊದಲು ಅಂಗಡಿಯು ಸಿಕ್ಕುವುದೆಂಬುದಷ್ಟೇ ಅವರು ಹೇಳಿದುದು. ಅವರಿಗೆ ಗಾಂಧಿಯವರೂ ತಿಳಿಯರು, ಅನುಚ್ಛೇದವೂ ತಿಳಿಯದು. ಇಡೀ ಕಡತದಲ್ಲಿ ಹುರುಳಿದ್ದ ಆಕ್ಷೇಪಣೆಯು ನನ್ನ ಮಟ್ಟಿಗೆ ಇದೊಂದೇ. ಅದು ಸಮಿತಿಯ ಪತ್ರದ ಕೊನೆಯಲ್ಲಿ, "ಅಲ್ಲದೆ ಕೂಲಿಕಾರ ಕುಟುಂಬಗಳಿಗೂ ತೊಂದರೆಯಾಗುವ ಸಂಭವವಿದೆ" ಎಂಬ ಒಂದು ಸಾಲಾಗಿ, ಒಂಬತ್ತು ಹೆಬ್ಬೆಟ್ಟುಗಳೊಡನೆ ಸೇರಿಕೊಂಡಿತು.

ವ್ಯಾಜ್ಯವೆಲ್ಲ ನಿಂತದ್ದು ನೂರು ಮೀಟರಿನ ಮೇಲೆ. 1967ರ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳಲ್ಲಿ 5ನೆಯದು, ದೇವಸ್ಥಾನ, ಶಾಲೆ, ಆಸ್ಪತ್ರೆ ಮೊದಲಾದುವುಗಳಿಂದ ನೂರು ಮೀಟರಿನೊಳಗೆ ಅಂಗಡಿಯಿರಬಾರದೆಂದು ಹೇಳುವುದಲ್ಲದೆ, ಆ ದೂರವನ್ನು ಹಕ್ಕಿ ಹಾರುವ ಜಾಡಿನಲ್ಲಿ ಅಳೆಯದೆ, ಅಂಗಡಿಯ ಬಾಗಿಲಿನ ನಟ್ಟನಡುವಿನಿಂದ ಹೊರಟು, ಪಾದಚಾರಿಗಳು ಸಾಮಾನ್ಯವಾಗಿ ನಡೆಯುವ ಅತಿ ಹತ್ತಿರದ ದಾರಿಯಲ್ಲಿ ಸಾಗಿ, ಸಂಸ್ಥೆಯ ಅತಿ ಹತ್ತಿರದ ಗೇಟಿನ ನಟ್ಟನಡುವಿನವರೆಗೆ ಅಳೆಯಬೇಕೆಂದು ವಿಧಿಸುತ್ತದೆ. ಈ ನಿಯಮವನ್ನು ರಚಿಸಿದವರು ಬಯಲುಸೀಮೆಯವರೇ ಇರಬೇಕು. ಕೊಡಗಿನಲ್ಲಿ ಎರಡು ಮನೆಗಳ ನಡುವೆ ರಸ್ತೆಯ ದಾರಿ ಒಂದು, ತೋಟದ ಒಳದಾರಿ ಒಂದು, ಗದ್ದೆಯ ಬದುವಿನ ದಾರಿ ಒಂದು, ಹಾಗೂ ಜಗಳವಾದಾಗ ಮಾತ್ರ ಉಪಯೋಗಿಸುವ ದಾರಿ ಮತ್ತೊಂದು ಇರುವುದೆಂಬುದನ್ನು ಅವರು ಬಲ್ಲವರಾಗಿದ್ದರೆ ಇಂಥ ವಾಕ್ಯವನ್ನು ಬರೆಯುವ ಸಾಹಸಕ್ಕೆ ಇಳಿಯುತ್ತಿರಲಿಲ್ಲ.

ಅಳತೆಯ ದಿನ ಮಳೆ ಹಿಡಿದಿತ್ತು. ಅಬಕಾರಿ ನಿರೀಕ್ಷಕರು, ಗ್ರಾಮ ಲೆಕ್ಕಿಗರು, ಪಂಚಾಯಿತಿಯ ಪಿಡಿಒ, ಸನ್ನದುದಾರ, ಸಮಿತಿಯ ಅಧ್ಯಕ್ಷರು, ಕೊಡೆ ಹಿಡಿದ ಊರವರು ನೆರೆದರು. ರಸ್ತೆಯ ಮೇಲೆ ಅಳೆದಾಗ 212 ಮೀಟರು ಬಂದಿತು. ಸನ್ನದುದಾರನ ಮುಖವು ಅರಳಿತು. ಆಗ ಅಧ್ಯಕ್ಷರು ಕೊಠಡಿಯ ಪಕ್ಕದ ಉಣುಗೋಲನ್ನು ತೋರಿಸಿ, ಅಲ್ಲಿಂದ ತೋಟದೊಳಗೆ ಇಳಿದರೆ ದೇವಸ್ಥಾನದ ಹಿಂದಿನ ಗೇಟು ಕೂಗಳತೆಯಲ್ಲಿದೆಯೆಂದರು. ಟೇಪಿನ ಸೊನ್ನೆಯ ತುದಿಯು, ಅಂದರೆ ಸೊನ್ನೆಯಿಲ್ಲದ ತುದಿಯು, ಸುಬೇದಾರರ ಕೈಯಲ್ಲಿ. ಇನ್ನೊಂದು ತುದಿಯು ಗ್ರಾಮ ಲೆಕ್ಕಿಗರ ಕೈಯಲ್ಲಿ. ಹಲಸಿನ ಮರವೊಂದು ದಾರಿಗೆ ಅಡ್ಡಲಾಗಿದ್ದುದರಿಂದ, ಜನರು ಅದರ ಎಡಕ್ಕೆ ನಡೆಯುವರೋ ಬಲಕ್ಕೆ ನಡೆಯುವರೋ ಎಂಬ ಪ್ರಶ್ನೆಯು ಬಹಳ ಹೊತ್ತು ಚರ್ಚೆಗೆ ಬಂದು, ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ ಎಂದು ತೀರ್ಮಾನವಾಯಿತು. ಜಿಗಣೆಯೊಂದು ಸುಬೇದಾರರ ಮೀನಖಂಡಕ್ಕೆ ಹತ್ತಿತ್ತು. ಅವರು ಬಗ್ಗಲಿಲ್ಲ, ಟೇಪನ್ನು ಬಿಡಲಿಲ್ಲ, ಎಡಗೈಯಿಂದ ಜೇಬಿನ ಉಪ್ಪನ್ನು ತೆಗೆದು ಅದರ ಮೇಲೆ ಉದುರಿಸಿ, "ಎಂಬತ್ತಾರು" ಎಂದರು. ಸನ್ನದುದಾರನು ಟೇಪು ಮಳೆಗೆ ಹಿಗ್ಗಿದೆಯೆಂದು ತಕರಾರು ಎತ್ತಿದನು. ಹಿಗ್ಗಿದ್ದರೆ ನಿಜವಾದ ದೂರವು ಇನ್ನೂ ಹೆಚ್ಚಾಗುವುದಾದ್ದರಿಂದ ಅವನ ಲೆಕ್ಕವು ಸರಿಯಾಗಿಯೇ ಇತ್ತು. ಆದರೆ ಹದಿನಾಲ್ಕು ಮೀಟರು ಹಿಗ್ಗುವ ಟೇಪನ್ನು ಸೈನ್ಯದಲ್ಲಿಯೂ ಕಂಡಿಲ್ಲವೆಂದು ಸುಬೇದಾರರು ತಿಳಿಸಿದರು.

"ಈ ದಾರಿಯಲ್ಲಿ ಜನ ನಡೆಯುತ್ತಾರೆಯೆ?" ಎಂದು ನಿರೀಕ್ಷಕರು ಕೇಳಿದರು. ಕೇಳಿದ ಕ್ಷಣದಲ್ಲಿಯೇ, ಪ್ಲಾಸ್ಟಿಕ್ ಹಾಳೆಯನ್ನು ಹೊದ್ದ ಒಬ್ಬನು ಆ ಒಳದಾರಿಯಲ್ಲಿ ಬಂದು, ಹಲಸಿನ ಮರದ ಬಳಿ ಖಾಕಿ ಬಟ್ಟೆಯನ್ನು ಕಂಡು, ಒಂದು ನಿಮಿಷ ಸ್ತಬ್ಧನಾಗಿ, ಬಂದ ದಾರಿಯಲ್ಲಿಯೇ ಓಡಿಹೋದನು. "ನೋಡಿ, ಬಂದ" ಎಂದರು ಅಧ್ಯಕ್ಷರು. "ನೋಡಿ, ತಿರುಗಿ ಹೋದ" ಎಂದನು ಸನ್ನದುದಾರ. ಮಹಜರನ್ನು ಬರೆಯುತ್ತಿದ್ದ ಸುಬೇದಾರರು, "ಪಾದಚಾರಿಯೊಬ್ಬನು ಅರ್ಧ ದಾರಿಯವರೆಗೆ ನಡೆಯುವುದು ಕಂಡುಬಂದಿತು" ಎಂದು ನಮೂದಿಸಿದರು.

ಅಷ್ಟರಲ್ಲಿ ಮುದುಕಿಯೊಬ್ಬಳು, ಅಷ್ಟು ದೂರ ಅಳೆಯುವುದೇಕೆ, ಹಲಸಿನ ಬುಡದಲ್ಲಿಯೇ ಗುಳಿಗ ದೈವದ ಕಲ್ಲು ಇದೆಯಲ್ಲ ಎಂದುಬಿಟ್ಟಳು. ನೆರೆದವರೆಲ್ಲರೂ ಕಲ್ಲಿನ ಕಡೆಗೆ ನೋಡಿದರು. ಗುಳಿಗನಿಗೆ ವರ್ಷಕ್ಕೊಮ್ಮೆ ಕೋಳಿಯೊಡನೆ ಏನನ್ನು ಎಡೆಯಿಡುವರೆಂಬುದು ಊರಿಗೆಲ್ಲ ತಿಳಿದ ಸಂಗತಿಯಾದುದರಿಂದ, ಅಧ್ಯಕ್ಷರು ಆಕಾಶವನ್ನು ನೋಡಿದರು. ಇದು ಧಾರ್ಮಿಕ ಸಂಸ್ಥೆಯಾಗುವುದೆ ಎಂದು ನಿರೀಕ್ಷಕರು ಸಂದೇಹಪಡುತ್ತಿರುವಾಗ ಸುಬೇದಾರರು ಗಂಭೀರವಾಗಿ, "ನಿಗದಿತ ಅವಧಿಯೊಳಗೆ ಗುಳಿಗನಿಂದ ಯಾವ ಆಕ್ಷೇಪಣೆಯೂ ಬಂದಿಲ್ಲ" ಎಂದರು. ಹಾಗೆಯೇ ದಾಖಲಾಯಿತು.

ಮುಂದಿನ ವಾರ ಸನ್ನದುದಾರನು ಉಣುಗೋಲನ್ನು ಕಿತ್ತು ಮುಳ್ಳುತಂತಿಯ ಬೇಲಿಯನ್ನು ಹಾಕಿಸಿದನು; ಅದರ ಮುಂದಿನ ವಾರ ಸಮಿತಿಯವರು ರಸ್ತೆಯ ಕಡೆಯ ಗೋಡೆಯನ್ನು ಒಡೆದು ಹೊಸ ಗೇಟನ್ನು ಇರಿಸಿದರು; ಅವನು ಕೊಠಡಿಯ ಬಾಗಿಲನ್ನು ಆಚೆಯ ಗೋಡೆಗೆ ಬದಲಾಯಿಸಿದನು. ಪ್ರತಿಯೊಂದು ಬದಲಾವಣೆಗೂ ಒಂದು ಅರ್ಜಿ, ಒಂದು ಪ್ರತಿ ಅರ್ಜಿ, ಒಂದು ಅಳತೆ. ಆ ಮಳೆಗಾಲದಲ್ಲಿ ಸುಬೇದಾರರ ಮಂಡಿನೋವು ಸಂಪೂರ್ಣವಾಗಿ ವಾಸಿಯಾಯಿತೆಂದು ಅವರ ಮನೆಯಾಕೆ ಹೇಳಿದರು. ಕಡೆಗೆ ಸನ್ನದುದಾರನೇ ಸೋತು, ಆ ಕೊಠಡಿಯ ಆಸೆಯನ್ನು ಬಿಟ್ಟು, ಒಂದು ಸಂಜೆ ಸುಬೇದಾರರ ಜಗಲಿಗೆ ಬಂದು ಕುಳಿತು, "ಇನ್ನು ನನ್ನಿಂದ ಆಗದು ಮಾವ, ಯಾವ ಗೇಟೂ ಇಲ್ಲದ ಒಂದು ಜಾಗವನ್ನು ನೀವೇ ತೋರಿಸಿ" ಎಂದು ಕೈಮುಗಿದನು. ಸುಬೇದಾರರು ಯೋಚಿಸಿದರು. ಅವರದೇ ಕಟ್ಟಡವೊಂದು ರಸ್ತೆಯ ತಿರುವಿನಲ್ಲಿ, ದೇವಸ್ಥಾನಕ್ಕೂ ಶಾಲೆಗೂ ಯಾವ ದಾರಿಯಿಂದ ಅಳೆದರೂ ನಿಯಮಕ್ಕೆ ಸಿಕ್ಕದಷ್ಟು ದೂರದಲ್ಲಿ, ಖಾಲಿಯಾಗಿ ಬಿದ್ದಿತ್ತು. ಬಾಡಿಗೆಯ ಮಾತು ಅಂದೇ ಮುಗಿಯಿತು. ಅರ್ಜಿಯನ್ನು ಅವರೇ ಬರೆದರು. ಮಾಲೀಕರ ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಹಾಕಿದರು.

ಹದಿನೈದು ದಿನಗಳ ತರುವಾಯ ಸ್ಥಳ ಪರಿಶೀಲನೆಗೆ ಬಂದ ನಿರೀಕ್ಷಕರು, ಕಡತವನ್ನು ತಿರುವುತ್ತಾ, ಆಕ್ಷೇಪಣೆಯೊಂದನ್ನು ಕಂಡು, ಅದರ ಕೆಳಗಿನ ಮೊದಲ ಸಹಿಯನ್ನು ಒಪ್ಪಿಗೆ ಪತ್ರದ ಸಹಿಯೊಡನೆ ಹೋಲಿಸಿ ನೋಡಿ, ಕನ್ನಡಕವನ್ನು ತೆಗೆದು ಒರೆಸಿ, ಮತ್ತೊಮ್ಮೆ ನೋಡಿದರು.

"ಇದೇನು ಸುಬೇದಾರರೇ, ಎರಡೂ ತಮ್ಮದೇ?"

"ಅಹುದು ಸಾಹೇಬರೇ. ಮಾಲೀಕನಾಗಿ ಒಪ್ಪಿದ್ದೇನೆ, ಗ್ರಾಮಸ್ಥನಾಗಿ ಒಪ್ಪಿಲ್ಲ. ಎರಡಕ್ಕೂ ಬೇರೆ ಬೇರೆ ಸ್ವೀಕೃತಿ ಕೊಡೋಣವಾಗಲಿ" ಎಂದು ಸುಬೇದಾರರು ಚೀಲದಿಂದ ಟೇಪನ್ನು ತೆಗೆದರು.